ಇಪ್ಪತ್ತನೆಯ ಗುಂಡುಸೂಜಿ

ಕಾಫಿಯ ಮೇಲೆ ಕೆನೆ ಕಟ್ಟುತ್ತಿದೆ, ಡ್ವೇನ್ ಫೋನಿಟ್ಟು ಹೊರಗೋಡಿದಾಗ ಇನ್ನೂ ಹಬೆಯಾಡುತ್ತಿತ್ತು, ಕರ್ಟ್ ವಿಮಾನದಿಂದ ಹಾರಿಕೊಂಡನಂತೆ, ಎಂಜಿನ್ನಿಗೆ ಬೆಂಕಿ, ಸರೋವರದಾಚೆಯ ಸೋಯಾ ಹೊಲಗಳ ಮೇಲೆ — ಅಷ್ಟೇ ಗೊತ್ತು, ಪ್ಯಾರಾಚೂಟ್ ಬಿಚ್ಚಿತೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಮಡಿಸಿದವಳು ನಾನು, ಇದೇ ಉದ್ದ ಮೇಜಿನ ಮೇಲೆ, ಕಳೆದ ತಿಂಗಳ ಶನಿವಾರ. ಕರ್ಟ್, ವಾರವೆಲ್ಲ ಹಸುಗಳಿಗೆ ಹೆರಿಗೆ ಮಾಡಿಸುವ ಡಾಕ್ಟರು, ತಿಂಗಳಿಗೊಂದು ಶನಿವಾರ ಭಾನುವಾರ ಯುದ್ಧವಿಮಾನ ಏರುವವನು, ಬಂದನೆಂದರೆ ಸಗಣಿ ವಾಸನೆ, ಡೋರೀನ್, ನನ್ ಗಂಟು ಸರಿಯಾಗಿ ಕಟ್ಟಿದೀಯ ತಾನೇ, ಹೆಂಡ್ತಿಗಿಂತ ನಿನ್ನನ್ನೇ ನಂಬಿರೋದು ನಾನು ಅನ್ನುತ್ತಾನೆ, ಹೋಗಯ್ಯಾ ಹಸು ಡಾಕ್ಟ್ರೇ ಅನ್ನುತ್ತೇನೆ. ವಾರಾಂತ್ಯದ ಸಿಪಾಯಿಗಳು ಎಂದು ಊರು ನಗುತ್ತದೆ, ನಗಲಿ, ಡ್ವೇನ್ ಸೋಮವಾರ ಮನೆಮನೆಗೆ ಟಪಾಲು ಹಂಚುತ್ತಾನೆ, ಇಲ್ಲಿ ನನ್ನ ಮೇಲಧಿಕಾರಿ, ನಾನು ಸೋಮವಾರ ಮದುವೆ ಗೌನು ಹೊಲಿಯುತ್ತೇನೆ, ಅಪ್ಪನೂ ದರ್ಜಿ, ಇದೇ ಅರೆಕಾಲಿಕ ವಾಯುಪಡೆಯವನು, ಅರವತ್ತೊಂದರಲ್ಲಿ ಬರ್ಲಿನ್ ಗೋಡೆಯ ಗದ್ದಲಕ್ಕೆ ಕರೆ ಬಂದಾಗ ಅರ್ಧ ಹೊಲಿದ ಕೋಟುಗಳನ್ನು ಅಮ್ಮನ ಕೈಗಿತ್ತು ಫ್ರಾನ್ಸಿಗೆ ಹೋದ, ಹತ್ತು ತಿಂಗಳು, ಗಿರಾಕಿಗಳು ಕಾದರು, ಅಮ್ಮ ತೋಳು ಜೋಡಿಸುವುದನ್ನು ಕಲಿತಳು. ಬರುವಾಗ ಒಂದು ಬಾಟಲಿ ಬ್ರಾಂಡಿ ತಂದ, ಅವನು ಮಡಿಸಿದ ಪ್ಯಾರಾಚೂಟಿನಲ್ಲಿ ಜೀವಂತ ಇಳಿದ ಪೈಲಟ್ ಕೊಟ್ಟದ್ದು, ಮಡಿಸಿದವರಿಗೆ ಬಾಟಲಿ ಕೊಡುವುದು ಇಲ್ಲಿನ ಪದ್ಧತಿ, ಅಪ್ಪ ಅದರ ಮುಚ್ಚಳ ತೆಗೆಯಲೇ ಇಲ್ಲ, ಧೂಳು ಮಾತ್ರ ಒರೆಸುತ್ತಿದ್ದ. ಮಡಿಸೋ ಮುಂಚೆ ಕೈ ಖಾಲಿ ಮಾಡ್ಕೋ ಮಗಳೇ, ಅನ್ನುತ್ತಿದ್ದ.

ಖಾಲಿ ಮಾಡಿಕೊಳ್ಳಲಿಲ್ಲ ಅಪ್ಪಾ. ಆ ಶನಿವಾರ ಬೆಳಿಗ್ಗೆ ಅಂಗಡಿಯಲ್ಲಿ ಮಾರ್ಲಾಳ ಗೌನಿಗೆ ಅಂಚು ಹಿಡಿಯುತ್ತಿದ್ದೆ, ಮಾರ್ಲಾ, ನಮ್ಮ ಇನ್ನೊಬ್ಬ ಪೈಲಟ್, ವಾರವೆಲ್ಲ ಶಾಲೆಯಲ್ಲಿ ಲೆಕ್ಕದ ಟೀಚರು, ಹೊತ್ತಾಯಿತೆಂದು ಹಾಗೆಯೇ ಓಡಿಬಂದೆ, ಕೈಗೆ ಕಟ್ಟಿದ ಸೂಜಿದಿಂಬು ಅಂಗಿಯ ತೋಳಿನೊಳಗೇ ಉಳಿಯಿತು, ಇಪ್ಪತ್ತು ಗುಂಡುಸೂಜಿ, ಬಿಳಿ ಮಣಿಯ ತಲೆ. ಮೂರು ಪ್ಯಾರಾಚೂಟ್ ಮಡಿಸಿ ಮನೆಗೆ ಹೋಗಿ ಅಂಗಿ ಬಿಚ್ಚಿದಾಗ ಎಣಿಸಿದೆ, ಹತ್ತೊಂಬತ್ತು. ಕಾರಿನಲ್ಲಿ ಬಿದ್ದಿರಬೇಕು ಅಂದುಕೊಂಡೆ, ಕಾರನ್ನು ಹುಡುಕಲಿಲ್ಲ, ಹುಡುಕಿ ಸಿಗದಿದ್ದರೆ ಹೇಳಬೇಕಾಗುತ್ತಿತ್ತು, ಇಪ್ಪತ್ತೆರಡು ವರ್ಷ ಒಂದೂ ತಪ್ಪಿಲ್ಲದ ಡೋರೀನ್ ಬಾಯಿ ಬಿಡಬೇಕಾಗುತ್ತಿತ್ತು. ಒಂದು ಸೂಜಿ ಸಾಕು ಬಟ್ಟೆ ಹರಿಯಲು, ಹಗ್ಗ ಸಿಕ್ಕಿಕೊಳ್ಳಲು — ಕರ್ಟ್, ಹಸು ಡಾಕ್ಟ್ರೇ, ಬಿಚ್ಚಿಕೊಂಡಿರಲಿ, ಬಿಳಿ ಮಣಿ, ಬಿಚ್ಚಿಕೊಂಡಿರಲಿ.

ಬಾಗಿಲು ದಡಾರನೆ ತೆರೆಯಿತು, ಡ್ವೇನ್, ಬದುಕಿದಾನೆ ಕಣೇ, ಕಾಲು ಉಳುಕಿದೆ ಅಷ್ಟೇ, ಯಾರದೋ ಹೊಲದಲ್ಲಿ ಕೂತು ಅವರ ಹಸು ನೋಡ್ತಿದಾನೆ ಪುಣ್ಯಾತ್ಮ, ಡೋರೀನ್‌ಗೆ ಯಾವ ವಿಸ್ಕಿ ಬೇಕು ಕೇಳು ಅಂದ. ಡ್ವೇನ್‌ನ ಎದೆಗೊರಗಿ ಅತ್ತೆ, ಪೆದ್ದ, ಅವನೂ ಅಳುತ್ತಿದ್ದ, ಈ ಪೆದ್ದರೆಂದರೆ ನನಗೆ ಪ್ರಾಣ. ಹಾಗಾದರೆ ಸೂಜಿ ಕರ್ಟ್‌ನದರಲ್ಲಿರಲಿಲ್ಲ. ಅವತ್ತು ಮಡಿಸಿದವುಗಳಲ್ಲಿ ಉಳಿದವು ಎರಡು, ಒಂದು ಮಾರ್ಲಾಳ ವಿಮಾನದ ಕುರ್ಚಿಯಲ್ಲಿ, ಏನೇ ಆದರೂ ಗಸ್ತು ನಿಲ್ಲುವಂತಿಲ್ಲ, ಎರಡು ಗಂಟೆಗೆ ಅವಳ ಸರದಿ, ಗೋಡೆಯ ಗಡಿಯಾರದಲ್ಲಿ ಈಗ ಒಂದೂಕಾಲು. ಸುಮ್ಮನಿರಬಹುದು, ಅಪ್ಪನ ಬಾಟಲಿಯ ಪಕ್ಕ ನನ್ನದೂ ಒಂದು, ಸುಮ್ಮನಿದ್ದರೆ. ಡ್ವೇನ್, ಮಾರ್ಲಾನ ಹಾರೋಕೆ ಬಿಡಬೇಡ, ಹೇಳಿಬಿಟ್ಟೆ, ಸೂಜಿ, ದಿಂಬು, ಕಾರು, ಎಲ್ಲ. ನಾಲ್ಕು ವಾರ ಬಾಯಿ ಬಿಡ್ಲಿಲ್ವಾ ನೀನು? ಬಿಡ್ಲಿಲ್ಲ. ಇದನ್ನ ನಾನು ವರದೀಲಿ ಬರೀಲೇಬೇಕು, ಈ ಮೇಜು ನಿಂಗೆ ಮತ್ತೆ ಸಿಗಲ್ಲ ಡೋರೀನ್. ಬರಿ ಡ್ವೇನ್. ಅವನು ನನ್ನ ಮುಖ ನೋಡದೆ ಫೋನೆತ್ತಿದ.

ಎರಡು ಪ್ಯಾರಾಚೂಟನ್ನೂ ತಂದಿಟ್ಟಿದ್ದಾರೆ, ಕೊನೇ ಸಲ ನೀನೇ ಬಿಚ್ಚಿ ನೋಡು ಅಂದ ಡ್ವೇನ್, ಮೊದಲು ಮಾರ್ಲಾಳದು, ಅವಳೇ ಹೆಲ್ಮೆಟ್ ಹಿಡಿದು ಪಕ್ಕದಲ್ಲಿ, ಏನಾಯ್ತು ಡೋರೀನ್, ಗೌನಿಗೂ ಹೀಗೇ ಮುಖ ಗಂಟಿಕ್ಕಿಕೊಂಡೇ ಅಂಚು ಹಿಡಿತೀಯಾ, ನಗಿಸಲು ನೋಡುತ್ತಾಳೆ ಮಗು, ಕೈ ಖಾಲಿ ಅಪ್ಪಾ, ಇವತ್ತು ಖಾಲಿ, ಬಟ್ಟೆಯ ಕಿತ್ತಳೆ ಪಟ್ಟಿ ಬಿಡಿಸಿದೆ, ಏನಿಲ್ಲ, ಹಸಿರು, ಏನಿಲ್ಲ, ಬಿಳಿ ಪಟ್ಟಿಯ ಮೊದಲ ಮಡಿಕೆ, ಏನಿಲ್ಲ, ಎರಡನೆಯದು, ಬೆರಳಿಗೆ ಚುಚ್ಚಿತು, ಬಿಳಿಯ ಮೇಲೆ ಬಿಳಿ, ಮಣಿ, ಒಂದು ಬಿಳಿ ಮಣಿ —