ಲಾಕರ್‌ನಲ್ಲಿ ಲಿಂಗ, ಬೆಟ್ಟದಲ್ಲಿ ರೊಟ್ಟಿ

೧.
ಹೇಗೆ ಶುರು ಮಾಡುವುದು? ‘ಆಲ್ಪ್ಸ್‌ನ ಹುಲ್ಲುಗಾವಲಿನಲ್ಲಿ ಶಿವಗಂಗಾ ಒಬ್ಬಳೇ ನಡೆಯುತ್ತಿದ್ದಳು’ ಎಂದು ಬರೆದಿದ್ದೆ. ವಾಕ್ಯ ಚೆನ್ನಾಗಿತ್ತು. ಆದರೆ ಅಲ್ಲಿಗೆ ಹೋಗಲು ಬೇಕಾದ ಷೆಂಗೆನ್ ವೀಸಾ ಅವಳಿಗೆ ಸಿಗಲಿಲ್ಲ. (ಪಾತ್ರವನ್ನು ಕೊಲ್ಲುವ ಅಧಿಕಾರ ಲೇಖಕಿಗಿದೆ, ಗಡಿ ದಾಟಿಸುವ ಅಧಿಕಾರವಿಲ್ಲ.) ಹೀಗಾಗಿ ಅವಳನ್ನು ಮ್ಯಾಂಚೆಸ್ಟರ್‌ನಿಂದ ರೈಲು, ಆಮೇಲೆ ಬಸ್ಸು ಹತ್ತಿಸಿ ಇಂಗ್ಲೆಂಡಿನದೇ ಬೆಟ್ಟಸೀಮೆಯಾದ ಲೇಕ್ ಡಿಸ್ಟ್ರಿಕ್ಟ್‌ಗೆ ಕಳಿಸಿದ್ದೇನೆ. ಇಲ್ಲಿಯೂ ಒಂದು ಕಾಲಕ್ಕೆ ಹಿಮನದಿಗಳಿದ್ದವು. ಅವು ಕೊರೆದ ಕಣಿವೆಗಳಷ್ಟೇ ಉಳಿದಿವೆ. ಹೊರಟುಹೋಗಲು ಹಿಮನದಿಗೆ ಯಾರ ಸಹಿಯೂ ಬೇಕಾಗಲಿಲ್ಲ.

೨.
ಮತ್ತೆ ಶುರು. ಶಿವಗಂಗಾ ವಿಜಯಪುರದ ಕಡೆಯವಳು. ಮ್ಯಾಂಚೆಸ್ಟರ್‌ನ ಒಂದು ಕೇರ್ ಹೋಮ್‌ನಲ್ಲಿ ವಯಸ್ಸಾದವರಿಗೆ ಸ್ನಾನ ಮಾಡಿಸುತ್ತಾಳೆ, ಉಣ್ಣಿಸುತ್ತಾಳೆ. ಅವಳ ವೀಸಾವನ್ನು ಆ ಕೆಲಸಕ್ಕೇ ಕಟ್ಟಿದ್ದಾರೆ: ಅದು ಹೋದರೆ ಇದೂ ಹೋಯಿತು. ದನವನ್ನು ಗೂಟಕ್ಕೆ ಕಟ್ಟಿದವರು ಹುಲ್ಲನ್ನಾದರೂ ಹಾಕುತ್ತಾರೆ. ಇವಳಿಗೆ ಹಾಕುವುದು ಪಾಳಿಪಟ್ಟಿ, ರೋಟಾ.

ರಾತ್ರಿ ಪಾಳಿ ಮುಗಿಸಿ ನೇರ ಸ್ಟೇಷನ್ನಿಗೆ ಬಂದವಳು ಅವಳು. ಬಹಳ ದಿನಗಳ ಮೇಲೆ ಸಿಕ್ಕ ರಜೆ. ಹಳದಿ ಹೂವಿನ ಹುಲ್ಲುಗಾವಲು ದಾಟಿ, ಕಲ್ಲುಗೋಡೆಯ ಪಕ್ಕ ಏರಿ, ಬಟ್ಟಲಿನಂಥ ತಗ್ಗಿನಲ್ಲಿದ್ದ ಕಪ್ಪು ಕೊಳದ ದಂಡೆ ತಲುಪಿದಳು. ದಾರಿಯುದ್ದಕ್ಕೂ ಕುರಿಗಳು ನೋಡಿದವು. ಎಲ್ಲಿಯವಳು ಎಂದು ಒಂದೂ ಕೇಳಲಿಲ್ಲ.

ಬಂಡೆಯ ಮೇಲೆ ಕೂತು ಬ್ಯಾಗ್ ಬಿಚ್ಚಿದಳು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ವಿಭೂತಿ. ಪೂಜೆಗೆಂದು ಕೊರಳಿಗೆ ಕೈ ಹಾಕಿದಳು. ಲಿಂಗವಿಲ್ಲ.

ಪಾಳಿಯಲ್ಲಿ ಕತ್ತಿನಲ್ಲಿ ಏನೂ ಇರಬಾರದು ಎಂಬುದು ಅಲ್ಲಿನ ನಿಯಮ. ಮೈಯಿಂದ ಅಗಲಬಾರದ ಇಷ್ಟಲಿಂಗವನ್ನು ಅವಳು ಬೆಳ್ಳಿಯ ಕರಡಿಗೆಯ ಸಮೇತ ಬಿಚ್ಚಿ ಲಾಕರ್‌ನಲ್ಲಿಡುತ್ತಾಳೆ, ಪಾಳಿ ಮುಗಿದೊಡನೆ ಕಟ್ಟಿಕೊಳ್ಳುತ್ತಾಳೆ. ಇವತ್ತು ರಜೆಯ ಖುಷಿಯಲ್ಲಿ ಮರೆತಿದ್ದಳು. ಲಿಂಗಪೂಜೆಯಾಗದೆ ಅವಳು ಉಣ್ಣುವುದಿಲ್ಲ. (ಚಹಾ ಊಟವಲ್ಲ ಎಂಬ ತಿದ್ದುಪಡಿಯನ್ನು ಇಂಗ್ಲೆಂಡಿಗೆ ಬಂದ ಮೇಲೆ ಅವಳೇ ತಂದುಕೊಂಡಿದ್ದಾಳೆ.)

೩.
ಫೋನ್ ಬಂತು. ರೋಟಾ ಹಾಕುವ ಸುಚೇತಾ, ಮೈಸೂರಿನವಳು.

“ಶಿವಗಂಗಾ, ಸಾರಿ ಕಣೇ. ಇವತ್ತು ನೈಟ್‌ಗೆ ಇಬ್ರು ಆಫ್ ಸಿಕ್. ಕವರ್ ಮಾಡ್ತೀಯಾ?”

“ನಾನು ದೂರ ಬಂದಿದೀನಿ. ಇವತ್ತು ನಂಗೆ ರಜಾ ಅಲ್ವಾ?”

(ಸುಚೇತಾಳ ಜೊತೆ ಅವಳು ಮೈಸೂರು ಕನ್ನಡ ಮಾತಾಡುತ್ತಾಳೆ. ರೋಟಾ ಯಾರ ಕೈಯಲ್ಲೋ ಅವರ ಕನ್ನಡ.)

“ಗೊತ್ತು ಕಣೇ. ಆದ್ರೆ ನಿನ್ ಸ್ಪಾನ್ಸರ್‌ಶಿಪ್ ರಿನ್ಯೂವಲ್ ಹತ್ರ ಬಂತು. ಯಾರು ಫ್ಲೆಕ್ಸಿಬಲ್ ಅಂತ ಮೇಲಿನವ್ರು ನೋಡ್ತಾರೆ. ಮತ್ತೆ ನಿನ್ ಲಾಕರ್ ತೆಗೆದೇ ಇತ್ತು, ಆ ಬೆಳ್ಳಿ ಡಬ್ಬಿ ಇಲ್ಲೇ ಬಿಟ್ಟಿದೀಯ. ಅದಿಲ್ದೆ ನೀನು ಊಟ ಮಾಡಲ್ವಲ್ಲ? ಬಾ, ಎರಡೂ ಆಗತ್ತೆ.”

ಯೋಚಿಸಿ ಹೇಳುತ್ತೇನೆಂದು ಇಟ್ಟಳು.

೪.
ಕೊನೆ ಅ: ಅವಳು ಹಸಿದುಕೊಂಡೇ ಬೆಟ್ಟ ಇಳಿದು ಪಾಳಿಗೆ ಹೋಗುತ್ತಾಳೆ. ಓದುಗರಿಗೆ ಸಿಟ್ಟು ಬರುತ್ತದೆ. ನಾನಿರುವ ಸೆಲ್ಲಿ ಓಕ್‌ನ ನಮ್ಮ ಓದುಬಳಗದವರು ಹೋರಾಟದ ಕಥೆ ಎನ್ನುತ್ತಾರೆ.

“ಅಕ್ಕಾರ,” ಎಂದಳು ಶಿವಗಂಗಾ, ನನ್ನನ್ನೇ ನೋಡಿ. “ನಿಮ್ಮ ಬಳಗಕ್ಕ ಸಿಟ್ಟು ಬರಲಿ ಅಂತ ನಾ ಇಳೀಬೇಕೇನು? ಈಗರೆ ಹತ್ತಿ ಕುಂತೀನಿ.”

ಕೊನೆ ಆ: ಆಚಾರವನ್ನೇ ಧಿಕ್ಕರಿಸಿ ರೊಟ್ಟಿ ಮುರಿಯುತ್ತಾಳೆ. ಕ್ರಾಂತಿ.

“ಸುಚೇತಾ ನನ್ನ ರಜಾಕ್ಕ ಕೈ ಹಾಕಿದಳು. ನೀವು ನನ್ನ ಲಿಂಗಕ್ಕ ಹಾಕ್ತೀರೇನು?”

ಕೊನೆ ಇ: ಕೊಳದ ಅಂಚಿನಲ್ಲಿ ಹಿಮನದಿ ಉಜ್ಜಿ ನುಣುಪು ಮಾಡಿದ ಕರಿಯ ದುಂಡುಕಲ್ಲು. ಅವಳು ಅದನ್ನೆತ್ತಿ ಅಂಗೈಯಲ್ಲಿ—

“ತಗೀರಿ ಅದನ್ನ. ಕಂಡ ಕಲ್ಲೆಲ್ಲಾ ನನ್ನ ಲಿಂಗ ಆಗತೈತೇನು? ಛಂದ ಕಾಣತೈತಿ ಅಂತ ಬರದೀರಿ.”

ಹೌದು. ಛಂದ ಕಾಣುತ್ತಿತ್ತು. ತೆಗೆದೆ.

೬. (ಐದರಲ್ಲಿ ನಾನು ಸಿಟ್ಟು ಮಾಡಿಕೊಂಡು ವ್ಯವಸ್ಥೆಯ ಬಗ್ಗೆ ಎರಡು ಪುಟ ಬರೆದಿದ್ದೆ. ಅವಳು ಓದಿ ಆಕಳಿಸಿದಳು.)

ಫೋನ್ ಮತ್ತೆ ಬಂತು.

“ಏನ್ ಡಿಸೈಡ್ ಮಾಡ್ದೆ?”

“ಇವತ್ತ ಬರಾಕ ಆಗೂದಿಲ್ಲ, ಸುಚೇತಾ. ಲಾಕರ್ ಬಾಗಲಾ ಮುಚ್ಚು. ಡಬ್ಬಿ ಮುಟ್ಟಬ್ಯಾಡ.”

“ಯಾಕೆ ಹೀಗ್ ಮಾತಾಡ್ತಿದೀಯಾ?”

“ನಾ ಮನ್ಯಾಗ ಮಾತಾಡೂದು ಹಿಂಗ.”

ಫೋನನ್ನು ಬ್ಯಾಗಿನ ತಳಕ್ಕೆ ತುರುಕಿದಳು. ಕೊಳದ ನೀರಿನಲ್ಲಿ ಮುಖ ತೊಳೆದು, ವಿಭೂತಿ ಧರಿಸಿ, ಚಕ್ಕಳಮಕ್ಕಳ ಹಾಕಿ ಕೂತಳು. ದಿನವೂ ಲಿಂಗವಿಟ್ಟು ಪೂಜಿಸುವ ಎಡಗೈಯನ್ನು ಎದೆಯ ಮಟ್ಟಕ್ಕೆ ತಂದು ಅಂಗೈ ತೆರೆದು ಅದರಲ್ಲೇ ದೃಷ್ಟಿಯಿಟ್ಟಳು. ಅಂಗೈ ಖಾಲಿ. ಅಲ್ಲೊಂದು ಬಿಸಿಲಕೋಲು ಇಡೋಣವೆಂದು ನನ್ನ ಪೆನ್ನು ಮುಂದಾಯಿತು.

“ಏನೂ ಇಡಬ್ಯಾಡ್ರಿ.”

ಇಡಲಿಲ್ಲ. ಆದರೆ ಕೇಳದಿರಲಾಗಲಿಲ್ಲ: “ಅಲ್ಲ ಶಿವಗಂಗಾ, ರಿನ್ಯೂವಲ್ ಆಗದಿದ್ದರೆ? ನಿನ್ನನ್ನು ವಾಪಸ್ ಕಳಿಸಿದರೆ ಕಥೆಗೆ ನಾನು ಏನು ಕೊನೆ ಬರೆಯಲಿ? ಹೋಗಲಿ, ರೊಟ್ಟಿಯನ್ನಾದರೂ ತಿನ್ನುತ್ತೀಯೋ ಇಲ್ಲವೋ? ನೋಡು, ಕುರಿಯೊಂದು ಅದರ ಕಡೆಗೇ ಬರುತ್ತಿದೆ.”

ಅವಳು ಅಂಗೈಯಿಂದ ಕಣ್ಣು ಕದಲಿಸಲಿಲ್ಲ.

“ಸುಮ್ಕಿರ್ರಿ, ಅಕ್ಕಾರ. ಪೂಜಾ ನಡದೈತಿ.”