ಇಳಿಯುವ ಮುನ್ನ ದೀಪ

ರುಕ್ಮಿಣಮ್ಮ ಗಂಡನ ಉಗುರಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಕಪ್ಪು ಗಸಿಯನ್ನು ಬೇವಿನ ಕಡ್ಡಿಯಿಂದ ಬಿಡಿಸುತ್ತಿದ್ದಳು. ಸಾಕು ಬುಡವ್ವ, ಹೊತ್ತಾಯ್ತದೆ ಎಂದು ಹೆಂಗಸರು ಹೇಳಿ ಹೇಳಿ ಸುಮ್ಮನಾಗಿದ್ದರು. ಚೆಲುವರಾಜು ಕೆಲಸದಿಂದ ಬಂದವನು ಕೈ ತೊಳೆಯದೆ ತಟ್ಟೆ ಮುಟ್ಟಿದವನಲ್ಲ. ಅವನನ್ನು ಕೊಳಕು ಕೈಯಲ್ಲಿ ಕಳಿಸಿಕೊಡಲು ಅವಳ ಮನಸ್ಸು ಒಪ್ಪಲಿಲ್ಲ.

ಹಿಂದಿನ ದಿನ ಮುಸುಕಿನ ಜೋಳದ ಹಿಟ್ಟು ಮಾಡುವ ಕಂಪನಿಯಲ್ಲಿ ಕೊಳೆನೀರಿನ ತೊಟ್ಟಿ ತೊಳೆಯಲು ಇಳಿದವನು ಮೇಲೆ ಬಂದಿರಲಿಲ್ಲ. ತೊಟ್ಟಿಯೊಳಗೆ ವಿಷಗಾಳಿ ಕಟ್ಟಿಕೊಂಡಿತ್ತು. ದೂರು ಯಾರ ಮೇಲೆ ಎಂಬುದನ್ನು ಮಣ್ಣು ಮಾಡಿದ ಮೇಲೆ ಬಂದು ಹೇಳಿ ಎಂದಿದ್ದರು ಠಾಣೆಯವರು.

ಅಂಗಳದಲ್ಲಿ ಕಂಪನಿಯ ಆಫೀಸರು ಮಹೇಶ್ಕುಮಾರ್ ಕುಳಿತಿದ್ದ. ಸಾವಿನ ಮನೆಯಲ್ಲೂ ಇಸ್ತ್ರಿ ಶರ್ಟಿನವರಿಗೆ ಕುರ್ಚಿ ಬೇಗ ಸಿಗುತ್ತದೆ. ಕೆಟ್ಟವನೇನಲ್ಲ, ಬಂದವನೇ ಹೆಣದ ಕಾಲು ಮುಟ್ಟಿ ಕಣ್ಣೊರೆಸಿಕೊಂಡಿದ್ದ. ಆದರೆ ಮೇಲಿನವರು ಹೇಳಿ ಕಳಿಸಿದ ಮಾತನ್ನು ಆಡದೆ ಹೋಗುವಂತಿರಲಿಲ್ಲ. ತಪ್ಪೆಲ್ಲ ಮೇಸ್ತ್ರಿ ಪುಟ್ಟಮಲ್ಲಪ್ಪನದು, ದೂರಿನಲ್ಲಿ ಅವನ ಹೆಸರು ಹೇಳಿ, ಮಗಳು ಭಾವನಾಳ ಓದು, ಮುಂದೆ ಕೆಲಸ, ಎಲ್ಲ ಕಂಪನಿಗೆ ಬಿಡಿ ಎಂದ.

ಆ ಪುಟ್ಟಮಲ್ಲಪ್ಪ ಬೆಳಗಿನಿಂದ ಬೇಲಿಯಾಚೆ ಹುಣಸೆಮರದ ಕೆಳಗೇ ನಿಂತಿದ್ದ. ಒಳಗೆ ಬರಲು ಅವನಿಗೆ ಮುಖವಿರಲಿಲ್ಲ. ರುಕ್ಮಿಣಮ್ಮನೇ ಎದ್ದು ಹೋದಳು.

"ನನ್ ಮೊಕ ನೋಡಿ ಹೇಳು ಪುಟ್ಟಮಲ್ಲಣ್ಣ. ಗಾಳಿ ನೋಡ್ದೇನೇ ಇಳಿಸ್ಬುಟ್ಯಾ?"

"ಗಾಳಿ ನೋಡೋ ಮೀಟ್ರು ಕೆಟ್ಟೋಗಿತ್ತು ಕಣಕ್ಕ. ಯುಗಾದಿಯಿಂದ್ಲೂ ಹೇಳ್ತಾನೇ ಇವ್ನಿ, ನೋಡಾನ ನೋಡಾನ ಅಂದ್ರು. ನೆನ್ನೆ ಆಫೀಸ್ಗೆ ಫೋನ್ ಮಾಡುದ್ರೆ, ಮಿಷಿನ್ ನಿಲ್ಲಿಸಂಗಿಲ್ಲ, ಇಳಿಸು ಅಂದ್ರು. ಲಾಂದ್ರನಾರೂ ಇಳಿಸಿ ನೋಡ್ತೀನಿ ಅಂದ ಚೆಲುವಣ್ಣ. ಹಿಟ್ಟಿನ ಧೂಳು ಹೊತ್ಕೊತದೆ, ಅಲ್ಲಿ ಬೆಂಕಿ ತರಂಗಿಲ್ಲ. ಅದು ಸರಿನೇ ಕಣಕ್ಕ. ಬೆಂಕಿ ಬ್ಯಾಡ ಅಂದೋರು ಮೀಟ್ರಾದ್ರೂ ಕೊಡ್ಬೇಕಿತ್ತಲ್ವಾ?"

ಲಾಂದ್ರ ಎಂದೊಡನೆ ರುಕ್ಮಿಣಮ್ಮ ಬೇಲಿಯ ಗೂಟ ಹಿಡಿದುಕೊಂಡಳು.

*

ಮದುವೆಯಾದ ಹೊಸತರಲ್ಲಿ ಚೆಲುವರಾಜು ಬಾವಿಯ ಹೂಳೆತ್ತುತ್ತಿದ್ದ. ಚುಂಚನಕಟ್ಟೆಯ ಸುತ್ತಮುತ್ತ ಅವನು ಇಳಿಯದ ಬಾವಿಯಿರಲಿಲ್ಲ. ಬುತ್ತಿ ತಂದ ಹೆಂಡತಿಯ ಕೈಗೇ ಲಾಂದ್ರದ ಹಗ್ಗ ಕೊಡುತ್ತಿದ್ದ. ಹಚ್ಚಿದ ಲಾಂದ್ರ ಮೊದಲು ತಳ ಮುಟ್ಟಬೇಕು. ತಳದ ಕೆಟ್ಟ ಗಾಳಿಗೆ ಅದು ಆರಿದರೆ ಆ ದಿನ ಕೆಲಸವಿಲ್ಲ, ಉರಿಯುತ್ತಿದ್ದರೆ ಅವನು ಇಳಿಯುತ್ತಿದ್ದ. ಬಾವಿಯವರು ಎಷ್ಟೇ ಅವಸರ ಮಾಡಲಿ, ಈ ಕಟ್ಟಳೆ ಮುರಿದವನಲ್ಲ. ಇಳಿದ ಮೇಲೂ ಹೆಂಡತಿ ಹೆದರದಿರಲೆಂದು ತಳದಿಂದ ಮಾತಾಡುತ್ತಲೇ ಇರುತ್ತಿದ್ದ.

"ಏನ್ ಸಾರೇ ಇವತ್ತು?"

"ಉಪ್ಪೆಸ್ರು."

"ಅಂಗಾರೆ ಬಂದೆ ತಾಳು."

ಹುರುಳಿ ಸಾರು ತಂದ ದಿನವೂ ಅವಳು ಅವನಿಗಿಷ್ಟದ ಉಪ್ಪೆಸರೆಂದೇ ಹೇಳುತ್ತಿದ್ದಳು. ಬೇಗ ಮೇಲೆ ಬರಲಿ ಎಂಬ ಆಸೆ. ಊಟಕ್ಕೆ ಕುಳಿತು ಮೋಸ ಗೊತ್ತಾಗಿ ಅವನು ಮುಖ ಊದಿಸಿಕೊಂಡರೆ ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. ಊರಿಗೆಲ್ಲ ಬೋರ್‌ವೆಲ್ ಬಂದು ಬಾವಿಗಳು ಹಾಳುಬಿದ್ದ ಮೇಲೆ ಅವನು ಕಂಪನಿಗೆ ಸೇರಿದ, ಲಾಂದ್ರ ಅಟ್ಟ ಸೇರಿತು.

*

ಚಟ್ಟ ಕಟ್ಟುತ್ತಿರುವಾಗ ರುಕ್ಮಿಣಮ್ಮ ಮಹೇಶ್ಕುಮಾರನ ಮುಂದೆ ಬಂದು ನಿಂತಳು.

"ಪುಟ್ಟಮಲ್ಲಣ್ಣನ ಮ್ಯಾಲೆ ನಾನು ದೂರು ಕೊಡಲ್ಲ ಸ್ವಾಮಿ. ಕಂಪನಿ ಮ್ಯಾಲೆ ಕೊಡ್ತೀನಿ."

ಚೆಲುವರಾಜುವಿನ ಚಿಕ್ಕಪ್ಪ ದೊಡ್ಡಮಾದಯ್ಯ ಮೆಲ್ಲಗೆ ಪಕ್ಕಕ್ಕೆ ಬಂದ. "ಕಂಪನಿ ಅಂದ್ರೆ ಒಂದು ಬೋರ್ಡು ಕಣವ್ವ. ಬೋರ್ಡ್ನ ಜೈಲಿಗಾಕಕ್ಕಾದದಾ? ನಾಳೆ ಮಗೀಗೆ ಆಸರೆ ಬ್ಯಾಡ್ವಾ?"

ಮುದುಕನ ಮಾತಿನಲ್ಲಿ ಅಕ್ಕರೆಯಿತ್ತು. ಅದಕ್ಕೇ ಅದು ಚುಚ್ಚಿತು. ರುಕ್ಮಿಣಮ್ಮ ಮಗಳ ಕಡೆ ನೋಡಿದಳು. ಭಾವನಾ ಬಂದು ಅವ್ವನ ಕೈ ಹಿಡಿದುಕೊಂಡಳು.

"ಇಳಿಸು ಅಂತ ಫೋನಲ್ಲಿ ಬೋರ್ಡು ಅಂದದ್ದಾ ಮಾವ? ಯಾರೋ ಬಾಯಿರೋರು ಅಂದವ್ರೆ. ಆ ಬಾಯಿ ಕೋರ್ಟಲ್ಲಿ ನಿಂತ್ಕಂಡು ಹೇಳ್ಲಿ."

ಮಹೇಶ್ಕುಮಾರ್ ಕುರ್ಚಿಯಿಂದ ಎದ್ದು ನಿಂತ. ಮತ್ತೆ ಕೂರಲಿಲ್ಲ.

ಚೆಲುವರಾಜುವಿನ ಹೊಲದ ಬದುವಿನಲ್ಲೇ ಗುಂಡಿ ತೋಡಿದ್ದರು. ಚಟ್ಟ ಇಳಿಸಿ ಗಂಡಸರು ಹೆಣಕ್ಕೆ ಕೈಹಾಕುವಷ್ಟರಲ್ಲಿ ರುಕ್ಮಿಣಮ್ಮ ತಡೀರಿ ಎಂದಳು. ಸೆರಗಿನ ಮರೆಯಿಂದ ಅವಳು ತೆಗೆದದ್ದು ಅಟ್ಟದ ಮೇಲಿನ ಲಾಂದ್ರ. ಬರುವ ಮುಂಚೆ ಬೂದಿಯಲ್ಲಿ ಅದರ ಗಾಜು ಉಜ್ಜಿ, ಎಣ್ಣೆ ತುಂಬಿ, ಹಿಡಿಗೆ ಹಗ್ಗ ಕಟ್ಟಿದ್ದಳು. ಜನರ ಹಿಂದೆ ತಲೆತಗ್ಗಿಸಿ ನಿಂತಿದ್ದ ಪುಟ್ಟಮಲ್ಲಪ್ಪನನ್ನು ಕರೆದು ಅವನ ಕೈಗೇ ಕೊಟ್ಟಳು.

"ನೀನೇ ಇಳಿಸಣ್ಣ."

ಅವನು ಮಗುವಿನಂತೆ ಅತ್ತುಬಿಟ್ಟ. ಕಣ್ಣೊರೆಸಿಕೊಂಡು ಬತ್ತಿ ಹೊತ್ತಿಸಿದ. "ನಾನೂ ಠಾಣೆಗೆ ಬತ್ತೀನಿ ಕಣಕ್ಕ" ಎಂದ, ಅಲ್ಲಿಗೂ ಬಂದಿದ್ದ ಮಹೇಶ್ಕುಮಾರನಿಗೂ ಕೇಳುವಂತೆ. "ಫೋನಲ್ಲಿ ಯಾರು ಅಂದ್ರು ಅನ್ನೋದ ನಾನೇ ಹೇಳ್ತೀನಿ. ಕೆಲಸ ಹೋದ್ರೆ ಹೋಗ್ಲಿ."

ಹಗ್ಗ ಸಡಿಲವಾಗುತ್ತಾ ಲಾಂದ್ರ ಗುಂಡಿಯೊಳಗೆ ಹೋಯಿತು. ಬಾವಿಯ ಕಾಲ ಕಂಡಿದ್ದ ಹಿರಿಯರು ತಲೆಯ ಟವಲು ತೆಗೆದರು. ತಳ ಮುಟ್ಟಿದ ದೀಪ ಒಮ್ಮೆ ಓಲಾಡಿ ನೆಟ್ಟಗಾಯಿತು. ರುಕ್ಮಿಣಮ್ಮ ಹಿಂದೆ ಕಾಯುತ್ತಿದ್ದಷ್ಟೇ ಹೊತ್ತು ಕಾದಳು.

"ಈಗ ಇಳಿಸಿ" ಎಂದಳು.

ಲಾಂದ್ರ ಮೇಲೆ ಬಂತು, ಚೆಲುವರಾಜು ಕೆಳಗೆ ಹೋದ. ಅವಳು ಗುಂಡಿಯ ಅಂಚಿಗೆ ಕುಕ್ಕರುಗಾಲಲ್ಲಿ ಕೂತು, ಮಗಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, ಒಳಕ್ಕೆ ಬಾಗಿ ಹೇಳಿದಳು.

"ಉಪ್ಪೆಸ್ರು."