ಹುಬ್ಬಲ್ಲ, ಬಿಸಿಲು

ಸತ್ತವರು ಬರೋದಿದ್ದರೆ ಕತ್ತಲಲ್ಲೇ ಬರ್ತಾರೆ ಅನ್ನೋರು ಆ ಆಫೀಸಿಗೊಮ್ಮೆ ಬರಬೇಕಿತ್ತು. ಹಾಡಹಗಲು, ಟ್ಯೂಬ್‌ಲೈಟ್ ಉರಿಯುತ್ತಿರುವಾಗ, ಎದುರು ಮೇಜಿನವನು ಬಿಸ್ಕತ್ತು ಜಗಿಯುತ್ತಿರುವಾಗ ಅವಳ ಗಂಡ ಬಂದ. ಅದೂ ಕಂಪ್ಯೂಟರಿನೊಳಗಿಂದ.

ಫೋಟೋ ನೋಡಿ ಹಕ್ಕಿ ಗುರುತಿಸುವುದು ಅವಳ ಕೆಲಸ. ಪೊದೆಗಳಲ್ಲಿ ಕಟ್ಟಿಟ್ಟ ಕ್ಯಾಮೆರಾಗಳು ಗುಬ್ಬಿಯಂಥ ಪುಟ್ಟ ಫಿಂಚ್ ಹಕ್ಕಿಗಳನ್ನು ರಾಶಿ ರಾಶಿ ಕಳಿಸುತ್ತವೆ. ಗಂಡುಗಳದ್ದು ಹೇಗೋ ನಡೆಯುತ್ತೆ. ಮನೆ ಫಿಂಚು, ಗುಲಾಬಿ ಫಿಂಚುಗಳ ಹೆಣ್ಣುಗಳನ್ನು ಪಕ್ಕಪಕ್ಕ ಇಟ್ಟರೆ ಮಾತ್ರ ದೇವರೇ ತಬ್ಬಿಬ್ಬಾಗಬೇಕು. ಎರಡೂ ಮಣ್ಣುಬಣ್ಣ, ಎರಡಕ್ಕೂ ಎದೆ ತುಂಬ ಗೀರು. ಗುಲಾಬಿಗೆ ಕಣ್ಣಿನ ಮೇಲೊಂದು ಬಿಳಿ ಹುಬ್ಬಿರುತ್ತೆ, ಮನೆ ಫಿಂಚಿಗೆ ಇರಲ್ಲ.

ಗಂಡ ಹೆಂಡತಿ ವರ್ಷಾನುಗಟ್ಟಲೆ ಪಕ್ಕಪಕ್ಕ ಕೂತು ಇದನ್ನೇ ಮಾಡಿದವರು. ಅವನಿಗೊಂದು ಚಾಳಿ. ಎಲೆ ಸಂದಿಯಿಂದ ಮನೆ ಫಿಂಚಿನ ತಲೆ ಮೇಲೆ ಬಿಸಿಲು ಬಿದ್ದರೆ ಸಾಕು, ಅಲ್ಲೊಂದು ಹುಬ್ಬು ಕಂಡುಬಿಡೋದು. ಗುಲಾಬಿ ಅಂತ ಬರೆದೇಬಿಡೋನು. "ಹುಬ್ಬಲ್ರೀ ಅದು, ಬಿಸಿಲು! ಕೊಕ್ಕು ನೋಡ್ರೀ, ಹೇಗೆ ಬಾಗಿದೆ" ಅಂತ ಇವಳು ರೇಗೋಳು. ಅರ್ಧ ದಿನ ಜಗಳ. ಕೊನೆಗೆ "ಆಯ್ತು ಮಾರಾಯ್ತಿ, ನೀನೇ ಗೆದ್ದೆ" ಅಂತ ತಿದ್ದೋನು. ಇವಳು ರಜೆ ಹಾಕಿದ ದಿನದ ತಪ್ಪುಗಳು ಹಾಗೇ ಉಳಿದುಹೋಗುತ್ತಿದ್ದವು.

ಅವನು ಹೋದ ಮೇಲೆ ಆ ಜಾಗಕ್ಕೆ ಯಾರನ್ನೂ ಹಾಕಲಿಲ್ಲ. ಕಂಪ್ಯೂಟರಿಗೇ ಹಕ್ಕಿ ಗುರುತಿಸೋದು ಕಲಿಸಿದರು. ಅದು ಹೇಳಿದ್ದನ್ನು ಇವಳು ನೋಡಿ ತಿದ್ದಬೇಕು. ಮೊದಲ ದಿನವೇ ಒಂದು ಮನೆ ಫಿಂಚು, ಕಣ್ಣಿನ ಮೇಲೆ ಬಿಸಿಲಿನ ಗೆರೆ. ಕೆಳಗೆ ಉತ್ತರ: ಗುಲಾಬಿ.

"ಹುಬ್ಬಲ್ರೀ ಅದು..." ಅಂದವಳು ಅರ್ಧಕ್ಕೇ ನಿಲ್ಲಿಸಿದಳು. ಪಕ್ಕದ ಕುರ್ಚಿ ಖಾಲಿ. ಎದ್ದು ಹೋಗಿ ಮೇಲಧಿಕಾರಿಯನ್ನು ಕರೆತಂದು ತೋರಿಸಿದಳು.

ಮೇಲಧಿಕಾರಿ, ಗಂಡನ ಹಳೇ ಗೆಳೆಯ, ತಲೆ ಕೆರೆದುಕೊಂಡ. "ಅಣ್ಣ ಗುರುತಿಸಿದ ಫೋಟೋಗಳಿಂದಲೇ ಅದಕ್ಕೆ ಕಲಿಸಿದ್ದು, ಅತ್ತಿಗೆ. ಅವರ ತಪ್ಪೂ ಜೊತೆಗೆ ಬಂದಿದೆ. ನೀವು ತಿದ್ದಿಕೊಡಿ, ಮತ್ತೆ ಕಲಿಸ್ತೀವಿ. ಹೋಗಿಬಿಡುತ್ತೆ."

ಹೋಗಿಬಿಡುತ್ತಂತೆ! ಎಷ್ಟು ಸಲೀಸಾಗಿ ಅಂದ ನೋಡಿ, ಬಟ್ಟೆ ಮೇಲಿನ ಕಲೆ ಇದ್ದ ಹಾಗೆ.

ಬೇರೆಲ್ಲ ತಪ್ಪು ತಿದ್ದಿದಳು, ಬಿಸಿಲು ಹುಬ್ಬಿನವನ್ನು ಮಾತ್ರ ಮುಟ್ಟಲಿಲ್ಲ. ದಿನಾ ಎಲ್ಲರಿಗಿಂತ ಮುಂಚೆ ಬಂದು ಅವನ್ನೇ ಹುಡುಕೋಳು. ಸಿಕ್ಕರೆ "ಕಣ್ಣಿಗೇನು ಪೊರೆ ಬಂದಿದೆಯೇನ್ರೀ?" ಅಂತ ಪಿಸುದನಿಯಲ್ಲಿ ಬೈದು, ಕಣ್ಣೊರೆಸಿಕೊಳ್ಳೋಳು. ಒಮ್ಮೊಮ್ಮೆ ಪಕ್ಕದ ಕುರ್ಚಿ ಕಿರ್ರೆಂದ ಹಾಗಾಗೋದು. ತಿರುಗಿ ನೋಡೋ ಧೈರ್ಯ ಬರುತ್ತಿರಲಿಲ್ಲ. ಖಾಲಿ ಇದ್ದುಬಿಟ್ಟರೆ?

ಹೀಗಿರುವಾಗ ಮೇಲಧಿಕಾರಿ ನಗುನಗುತ್ತಾ ಬಂದ. "ಸಿಹಿಸುದ್ದಿ ಅತ್ತಿಗೆ! ಕಂಪ್ಯೂಟರ್ ಲೆಕ್ಕದಲ್ಲಿ ಗುಲಾಬಿ ಫಿಂಚು ಹೆಚ್ಚಾಗಿವೆ. ಇನ್ನು ಆ ಪೊದೆಗಳನ್ನ ಕಾಯೋದು ಬೇಡ, ಕಡಿಸಿ ರಸ್ತೆ ಅಗಲ ಮಾಡಬಹುದು ಅಂತ ವರದಿ ಬರೀತಿದ್ದೀನಿ."

ಹೆಚ್ಚಾಗಿದ್ದದ್ದು ಹಕ್ಕಿಯಲ್ಲ, ಅವಳು ತಿದ್ದದೆ ಬಿಟ್ಟ ಬಿಸಿಲು. ಅಳಿದುಳಿದ ಗುಲಾಬಿ ಹಕ್ಕಿಗಳ ಗೂಡೆಲ್ಲ ಆ ಪೊದೆಗಳಲ್ಲೇ ಇದ್ದವು. ಗಂಡ ಬದುಕಿದ್ದಿದ್ದರೆ ಕೊಡಲಿಗೆ ಅಡ್ಡ ಮಲಗುತ್ತಿದ್ದ.

"ಒಂದು ದಿನ ತಡೀರಿ" ಅಂದಳು. ಒಂದೊಂದೇ ಫೋಟೋ ತೆಗೆದು, ಗುಲಾಬಿ ಅಳಿಸಿ, ಮನೆ ಫಿಂಚು ಅಂತ ಬರೆದಳು. ಪ್ರತಿ ಸಲವೂ "ಬೇಜಾರು ಮಾಡ್ಕೋಬೇಡ್ರೀ" ಅಂದಳು.

ಪೊದೆ ಉಳಿಯಿತು. ಕಂಪ್ಯೂಟರಿಗೆ ಹೊಸದಾಗಿ ಪಾಠವೂ ಆಯಿತು. ಮುಂದಿನ ವಾರ ಬಂದು ಕೂತು ಹೊಸ ಫೋಟೋ ತೆರೆದಳು. ಹೆಣ್ಣು ಮನೆ ಫಿಂಚು, ಕಣ್ಣಿನ ಮೇಲೆ ತಿದ್ದಿ ತೀಡಿದಂಥ ಬಿಸಿಲು, ಎಂಥವರೂ ಮೋಸಹೋಗಬೇಕು. ಉತ್ತರ ಬಂತು: ಮನೆ ಫಿಂಚು.

ಇನ್ನೊಂದು ತೆರೆದಳು. ಸರಿ. ಮತ್ತೊಂದು. ಅದೂ ಸರಿ.

ಅವಳು ಪರದೆಗೆ ಅಂಗೈ ಒತ್ತಿ ಹಿಡಿದಳು.

"ಒಂದೇ ಒಂದು ಸಲ ತಪ್ಪು ಹೇಳ್ರೀ" ಅಂದಳು. "ನಾನು ಬೈಯಲ್ಲ."